ಸಾಮಾನು ನಿಮ್ಮದಾ, ನಮ್ಮದಾ? ಎಐ ಪೆಟ್ಟಿಗೆ ಕಟ್ಟುವವರ ಷೇರಿನ ಲೆಕ್ಕ

ಮದುವೆಗೆ ಅಡುಗೆಯವರನ್ನು ಗೊತ್ತುಮಾಡಲು ಹೋದರೆ ಭಟ್ಟರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾಮಾನು ನಿಮ್ಮದಾ, ನಮ್ಮದಾ?" ನಮ್ಮದು ಅಂದರೆ ಅಕ್ಕಿ, ಬೇಳೆ, ತುಪ್ಪ, ಗೋಡಂಬಿ ಎಲ್ಲಾ ನಾವೇ ತಂದುಹಾಕಬೇಕು. ಅವರಿಗೆ ಕೂಲಿ ಮಾತ್ರ. ಅವರದೇ ಸಾಮಾನು ಅಂದರೆ ಎಲೆಗೆ ಇಷ್ಟು ಅಂತ ಮಾತು. ಉಣ್ಣುವವರಿಗೆ ಎರಡರಲ್ಲೂ ಅದೇ ಹೋಳಿಗೆ, ಅದೇ ಸಾರು. ಭಟ್ಟರ ಪುಸ್ತಕದಲ್ಲಿ ಮಾತ್ರ ಒಂದು ಮದುವೆ ಎಂಬತ್ತು ಸಾವಿರದ ವ್ಯಾಪಾರ, ಇನ್ನೊಂದು ನಾಲ್ಕು ಲಕ್ಷದ ವ್ಯಾಪಾರ. ಕೊನೆಗೆ ಕೈಯಲ್ಲಿ ಉಳಿಯುವುದು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಎಐ ಡೇಟಾ ಸೆಂಟರ್‌ಗಳಿಗೆ ಸರ್ವರ್, ಸ್ವಿಚ್ ಕಟ್ಟಿಕೊಡುವ ಕಂಪನಿಗಳ ಷೇರು ಕೊಳ್ಳಬೇಕು ಅನ್ನುವವರು ಈ ಪ್ರಶ್ನೆಯನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಇವರನ್ನು ಇಎಂಎಸ್ ಕಂಪನಿಗಳು ಅನ್ನುತ್ತಾರೆ. ತಮ್ಮ ಹೆಸರಿನ ಮಾಲು ಕಡಿಮೆ. ಬೇರೆಯವರ ಮಾಲನ್ನು ಗುತ್ತಿಗೆಗೆ ತಯಾರಿಸಿಕೊಡುವುದೇ ಕಸುಬು. ತೈವಾನಿನ ಫಾಕ್ಸ್‌ಕಾನ್ ಎಲ್ಲರಿಗೂ ಗೊತ್ತು. ದೇವನಹಳ್ಳಿ ಕಡೆ ಹೋದವರು ಅದರ ಕಾರ್ಖಾನೆಯನ್ನೂ ನೋಡಿರುತ್ತೀರಿ. ಅಮೆರಿಕದಲ್ಲಿ ಜೇಬಿಲ್, ಫ್ಲೆಕ್ಸ್, ಸನ್ಮಿನಾ ಇವೆ. ಈ ಲೇಖನಕ್ಕೆ ನಾನು ಆರಿಸಿಕೊಂಡಿರುವುದು ಕೆನಡಾದ ಸೆಲೆಸ್ಟಿಕಾ. ಯಾಕೆಂದರೆ ಈ ಧಂದೆಯ ಏರು, ಇಳಿತ, ಮತ್ತೆ ಏರು, ಮೂರೂ ಈ ಒಂದೇ ಕಂಪನಿಯ ಚರಿತ್ರೆಯಲ್ಲಿ ಸಿಗುತ್ತವೆ.

ಟೊರಾಂಟೊದಲ್ಲಿ ಐಬಿಎಂ ತನಗೆ ಬೇಕಾದ ಯಂತ್ರಗಳನ್ನು ಮಾಡಿಕೊಳ್ಳುತ್ತಿದ್ದ ಒಂದು ವಿಭಾಗ ಇತ್ತು. 1994ರಲ್ಲಿ ಅದನ್ನು ಸೆಲೆಸ್ಟಿಕಾ ಅನ್ನುವ ಪ್ರತ್ಯೇಕ ಕಂಪನಿ ಮಾಡಿದರು. 1996ರಲ್ಲಿ ಅದನ್ನು ಓನೆಕ್ಸ್ ಅನ್ನುವ ಕೆನಡಾದ ಹೂಡಿಕೆ ಸಂಸ್ಥೆ ಕೊಂಡುಕೊಂಡಿತು. 1998ರಲ್ಲಿ ನ್ಯೂಯಾರ್ಕ್ ಮತ್ತು ಟೊರಾಂಟೊ ಪೇಟೆಗಳಲ್ಲಿ ಷೇರು ಬಂತು. ಸಮಯ ಹೇಗಿತ್ತು ನೋಡಿ. ಇಂಟರ್‌ನೆಟ್ ಹುಚ್ಚು ನೆತ್ತಿಗೇರಿದ್ದ ಕಾಲ. ಊರೂರಿಗೆ ಕೇಬಲ್ ಎಳೆಯುತ್ತಿದ್ದರು. ಸರ್ವರ್, ರೂಟರ್ ಎಷ್ಟು ಮಾಡಿದರೂ ಸಾಲುತ್ತಿರಲಿಲ್ಲ. 2001ರಲ್ಲಿ ಸೆಲೆಸ್ಟಿಕಾ ಸುಮಾರು 1000 ಕೋಟಿ ಡಾಲರ್ ವ್ಯಾಪಾರ ಮಾಡಿತು.

ಅದೇ ವರ್ಷ ಗಾಳಿ ನಿಂತಿತು. ನೆಟ್‌ವರ್ಕ್ ಯಂತ್ರಗಳ ದೊರೆ ಸಿಸ್ಕೊ ಒಂದೇ ತ್ರೈಮಾಸಿಕದಲ್ಲಿ 220 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಯ ದಾಸ್ತಾನನ್ನು ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಕೊಳ್ಳುವವರೇ ಇಲ್ಲದ ಮೇಲೆ ಗುತ್ತಿಗೆಗೆ ಕಟ್ಟಿಕೊಡುವವರ ಪಾಡು ಕೇಳಬೇಕೆ? 2003ರ ಹೊತ್ತಿಗೆ ಸೆಲೆಸ್ಟಿಕಾದ ವ್ಯಾಪಾರ 700 ಕೋಟಿ ಡಾಲರ್‌ಗಿಂತ ಕೆಳಗೆ ಬಂದಿತ್ತು. ಆಮೇಲೆ ಇನ್ನೂ ಇಳಿಯಿತು. ಆಗಿನ ದೊಡ್ಡ ಹೆಸರಾದ ಸೊಲೆಕ್ಟ್ರಾನ್ 2007ರಲ್ಲಿ ಈಗಿನ ಫ್ಲೆಕ್ಸ್‌ನ ಹೊಟ್ಟೆ ಸೇರಿತು. ಈಗ ಈ ಅಂಕಿ ನೋಡಿ: 2024ರಲ್ಲಿ, ಎಐ ಅಲೆಯ ಮೇಲೆ ಕುಳಿತು, ಸೆಲೆಸ್ಟಿಕಾ ಮಾಡಿದ ವ್ಯಾಪಾರ 965 ಕೋಟಿ ಡಾಲರ್. ಅಂದರೆ 23 ವರ್ಷ ಕಳೆದರೂ 2001ರ ಗೆರೆ ಮುಟ್ಟಿರಲಿಲ್ಲ. ಅದನ್ನು ದಾಟಿದ್ದು 2025ರಲ್ಲಿ.

ಹಾಗಂತ ಇದು ಅದೇ ಹಳೇ ಕಂಪನಿ ಅಂದುಕೊಳ್ಳಬೇಡಿ. ಮಾಡುವ ಕೆಲಸ ಬದಲಾಗಿದೆ.

ಎಐ ಅಂದಕೂಡಲೇ ಎಲ್ಲರ ಕಣ್ಣು ಎನ್ವಿಡಿಯಾದ ಚಿಪ್ ಮೇಲೆ. ಆದರೆ ಸಾವಿರಾರು ಚಿಪ್‌ಗಳು ಸೇರಿ ಒಂದೇ ಮೆದುಳಿನ ಹಾಗೆ ಕೆಲಸ ಮಾಡಬೇಕಾದರೆ ಅವು ಒಂದಕ್ಕೊಂದು ಎಡೆಬಿಡದೆ ಮಾತಾಡಬೇಕು. ಆ ಮಾತು ಹಾದುಹೋಗುವ ಪೆಟ್ಟಿಗೆಯೇ ಸ್ವಿಚ್. ಒಂದು 800ಜಿ ಸ್ವಿಚ್ ತೆಗೆದುಕೊಳ್ಳಿ. ಅಗಲ ಒಂದು ಸೂಟ್‌ಕೇಸಿನಷ್ಟು, ಎತ್ತರ ಒಂದು ಗೇಣಿಗಿಂತ ಕಡಿಮೆ. ಮುಂದುಗಡೆ ಜೇನುಗೂಡಿನ ಹಾಗೆ 64 ಕಿಂಡಿ. ಒಂದೊಂದು ಕಿಂಡಿಯಲ್ಲೂ ಸೆಕೆಂಡಿಗೆ 800 ಗಿಗಾಬಿಟ್. ಗುಣಿಸಿದರೆ 51.2 ಟೆರಾಬಿಟ್. ಅಷ್ಟನ್ನೂ ನಿಭಾಯಿಸುವುದು ನಡುವೆ ಕೂತಿರುವ ಬ್ರಾಡ್‌ಕಾಮ್‌ನ ಒಂದು ಚಿಪ್. ಆ ಚಿಪ್ ಹೊರಹಾಕುವ ಬಿಸಿಗೆ ತಕ್ಕ ಫ್ಯಾನ್, ಅದಕ್ಕೆ ಕರೆಂಟು ಹಂಚುವ ವ್ಯವಸ್ಥೆ, ಹತ್ತಾರು ಪದರಗಳ ಬೋರ್ಡು, ಸಾವಿರಾರು ಚಿಕ್ಕ ಚಿಕ್ಕ ಬಿಡಿಭಾಗ, ಎಲ್ಲಾ ಸರಿಯಾಗಿ ಕೂರಬೇಕು. ವೇಗ ಹೆಚ್ಚಿದಷ್ಟೂ ಬೋರ್ಡಿನ ಮೇಲಿನ ತಾಮ್ರದ ಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ಸಿಗ್ನಲ್ ಕೆಡುತ್ತದೆ.

ಸೆಲೆಸ್ಟಿಕಾ ಇಲ್ಲಿ ಬರೀ ಜೋಡಿಸುವ ಕೆಲಸ ಮಾಡುವುದಿಲ್ಲ. ಇಂಥ ಸ್ವಿಚ್‌ನ ವಿನ್ಯಾಸದಲ್ಲೂ ಅದರ ಎಂಜಿನಿಯರುಗಳ ಕೈ ಇರುತ್ತದೆ. ಕಂಪನಿ ಈ ಭಾಗವನ್ನು ಎಚ್‌ಪಿಎಸ್ ಅಂತ ಕರೆದು ಲೆಕ್ಕ ಬೇರೆ ತೋರಿಸುತ್ತದೆ. 2024ರಲ್ಲಿ ಇದರಿಂದಲೇ ಸುಮಾರು 280 ಕೋಟಿ ಡಾಲರ್ ಬಂತು. ಭಟ್ಟರ ಭಾಷೆಯಲ್ಲಿ ಹೇಳಬೇಕೆಂದರೆ, ನೀವು ಹೇಳಿದ ಸಾರು ಮಾಡುವುದು ಒಂದು, ಮೆನು ತಾವೇ ಬರೆದುಕೊಡುವುದು ಇನ್ನೊಂದು. ಮೆನು ಬರೆದವರನ್ನು ಮಧ್ಯದಲ್ಲಿ ಬದಲಾಯಿಸುವುದು ಕಷ್ಟ. ಲಾಭವೂ ಸ್ವಲ್ಪ ಜಾಸ್ತಿ.

ಎಷ್ಟು ಜಾಸ್ತಿ ಅಂತೀರಾ? 2024ರಲ್ಲಿ ಸೆಲೆಸ್ಟಿಕಾದ ಹೊಂದಾಣಿಕೆ ಮಾಡಿದ ನಿರ್ವಹಣಾ ಲಾಭ, ಅಂದರೆ ಕೆಲವು ಖರ್ಚುಗಳನ್ನು ಬದಿಗಿಟ್ಟು ಲೆಕ್ಕ ಹಾಕಿದ ಕಸುಬಿನ ಲಾಭ, ನೂರಕ್ಕೆ 6.5. ಎರಡು ವರ್ಷ ಹಿಂದೆ ಅದು 4.9 ಇತ್ತು. ಸಾಫ್ಟ್‌ವೇರ್ ಷೇರು ನೋಡಿ ಅಭ್ಯಾಸ ಆದವರಿಗೆ ಇದೊಂದು ಲಾಭವೇ ಅಂತ ಅನ್ನಿಸಬಹುದು. ಆದರೆ ಈ ಧಂದೆಯಲ್ಲಿ ಒಂದೂವರೆ ಪರ್ಸೆಂಟ್ ಏರುವುದು ದೊಡ್ಡ ಸಂಗತಿ. 4.9ರಿಂದ 6.5 ಅಂದರೆ ಅದೇ ವ್ಯಾಪಾರಕ್ಕೆ ಮೂರನೇ ಒಂದು ಪಾಲು ಲಾಭ ಹೆಚ್ಚಿದ ಹಾಗೆ. ಇಳಿದರೂ ಅಷ್ಟೇ ಲೆಕ್ಕ, ಉಲ್ಟಾ.

ಈಗ ಸಾಮಾನಿನ ಪ್ರಶ್ನೆಗೆ ಬರೋಣ. ಸುಮ್ನೆ ಲೆಕ್ಕಕ್ಕೆ ಒಂದು ಸರ್ವರ್ ಇಟ್ಟುಕೊಳ್ಳಿ. ಬೆಲೆ ನೂರು ರೂಪಾಯಿ. ಅದರಲ್ಲಿ ಐವತ್ತು ರೂಪಾಯಿ ಒಂದು ಚಿಪ್ಪಿಗೇ ಹೋಗುತ್ತದೆ. ಗಿರಾಕಿ ಆ ಚಿಪ್ಪನ್ನು ತಾನೇ ತಂದುಕೊಟ್ಟರೆ ಕಟ್ಟುವವರ ವ್ಯಾಪಾರ ಐವತ್ತು ರೂಪಾಯಿ, ಲಾಭ ಐದು. ಅಂದರೆ ನೂರಕ್ಕೆ ಹತ್ತು. ಚಿಪ್ಪನ್ನು ಕಟ್ಟುವವರೇ ಕೊಂಡು ಹಾಕಿದರೆ ವ್ಯಾಪಾರ ನೂರು, ಲಾಭ ಐದೂವರೆ. ನೂರಕ್ಕೆ ಐದೂವರೆ. ಎರಡನೆಯದರಲ್ಲಿ ವ್ಯಾಪಾರ ಇಮ್ಮಡಿ ಆಯಿತು ಅಂತ ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಮಾಡಿದ ಕೆಲಸ ಅದೇ. ಮೇಲಾಗಿ ಆ ಐವತ್ತು ರೂಪಾಯಿಯನ್ನು ಚಿಪ್ ಕಂಪನಿಗೆ ಮೊದಲು ಕೊಟ್ಟು, ಗಿರಾಕಿಯಿಂದ ಆಮೇಲೆ ವಸೂಲಿ ಮಾಡಬೇಕು. ನಡುವಿನ ದಿನಗಳ ಬಡ್ಡಿ ಯಾರ ತಲೆ ಮೇಲೆ?

ಹಾಗಾಗಿ ಇಂಥ ಕಂಪನಿಯ ಫಲಿತಾಂಶ ಬಂದಾಗ ನಾನು "ವ್ಯಾಪಾರ ಇಷ್ಟು ಪರ್ಸೆಂಟ್ ಏರಿತು" ಅನ್ನುವ ಸಾಲನ್ನು ಬೇಗ ದಾಟಿಬಿಡುತ್ತೇನೆ. ನಿಲ್ಲುವುದು ದಾಸ್ತಾನಿನ ಸಾಲಿನ ಹತ್ತಿರ.

ದಾಸ್ತಾನು ಯಾಕೆ ಅಷ್ಟು ಮುಖ್ಯ ಅಂದರೆ, ಬೋರ್ಡು ಜೋಡಿಸುವ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಪೀಣ್ಯದ ಒಂದು ಸಣ್ಣ ಘಟಕದಲ್ಲಿ ನನ್ನ ಗೆಳೆಯನೊಬ್ಬ ಇದೇ ಕೆಲಸದಲ್ಲಿದ್ದಾನೆ. ಅವನು ಒಮ್ಮೆ ಅಂಗೈ ಮೇಲೆ ಸಾಸಿವೆಗಿಂತ ಚಿಕ್ಕದಾದ ಕೆಪ್ಯಾಸಿಟರ್ ಇಟ್ಟು ತೋರಿಸಿದ. "ಇದು ಕೆಲವೇ ಪೈಸೆ ಮಾಲು. ಇದೊಂದು ಬರಲಿಲ್ಲ ಅಂದ್ರೆ ಐದು ಸಾವಿರದ ಬೋರ್ಡು ಟ್ರೇನಲ್ಲೇ ಕೂತಿರುತ್ತೆ" ಅಂದ. ನೂರು ಭಾಗದಲ್ಲಿ ತೊಂಬತ್ತೊಂಬತ್ತು ಬಂದರೂ ಮಾಲು ಹೊರಗೆ ಹೋಗುವುದಿಲ್ಲ. ಬಂದ ತೊಂಬತ್ತೊಂಬತ್ತಕ್ಕೂ ದುಡ್ಡು ಕೊಟ್ಟಾಗಿದೆ.

2021–22ರ ಚಿಪ್ ಬರಗಾಲದಲ್ಲಿ ಇಡೀ ಜಗತ್ತಿಗೆ ಆಗಿದ್ದು ಇದೇ. ಸೆಲೆಸ್ಟಿಕಾದ ದಾಸ್ತಾನು 2020ರ ಕೊನೆಗೆ ಸುಮಾರು 110 ಕೋಟಿ ಡಾಲರ್ ಇದ್ದದ್ದು 2022ರ ಕೊನೆಗೆ ಸುಮಾರು 235 ಕೋಟಿಗೆ ಏರಿತು. ಅದೇ ಎರಡು ವರ್ಷದಲ್ಲಿ ವ್ಯಾಪಾರ ಏರಿದ್ದು 575ರಿಂದ 725 ಕೋಟಿಗೆ. ಅಂದರೆ ವ್ಯಾಪಾರ ಕಾಲು ಭಾಗ ಏರಿದರೆ ಗೋಡೌನ್ ಎರಡು ಪಟ್ಟಿಗೂ ಮೀರಿ ತುಂಬಿತು. ಇಲ್ಲಿ ಕಂಪನಿಯನ್ನು ಕಾಪಾಡಿದ್ದು ಗಿರಾಕಿಗಳ ಮುಂಗಡ. "ನಿಮಗಾಗಿ ನಾವು ಸಾಮಾನು ಕೂಡಿಡುತ್ತಿದ್ದೇವೆ, ಅದರ ದುಡ್ಡಿನ ಒಂದು ಪಾಲು ನೀವೇ ಇಡಿ" ಅಂತ ಕೇಳಿ ಹತ್ತಾರು ಕೋಟಿ ಡಾಲರ್ ಠೇವಣಿ ಇಸಿದುಕೊಂಡಿತು. ಆದ್ದರಿಂದ ಸೆಲೆಸ್ಟಿಕಾದ ಹಣದ ಚಕ್ರ, ಅಂದರೆ ಸಾಮಾನಿಗೆ ಹಾಕಿದ ದುಡ್ಡು ವಾಪಸ್ ಬರಲು ಹಿಡಿಯುವ ದಿನಗಳ ಲೆಕ್ಕ ಹೀಗೆ: ದಾಸ್ತಾನು ಕೂತ ದಿನ, ಅದಕ್ಕೆ ಬಾಕಿ ವಸೂಲಿಯ ದಿನ ಕೂಡಿಸಿ, ಅದರಿಂದ ಕಂಪನಿ ತಾನು ದುಡ್ಡು ಕೊಡಬೇಕಾದವರನ್ನು ಕಾಯಿಸುವ ದಿನ ಮತ್ತು ಠೇವಣಿಯ ದಿನ ಕಳೆಯಬೇಕು. ಈ ಸಂಖ್ಯೆ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಉದ್ದ ಆಗುತ್ತಾ ಹೋದರೆ, ಲಾಭ ಎಷ್ಟೇ ಚೆನ್ನಾಗಿ ಕಂಡರೂ ಯಾರೋ ಎಲ್ಲೋ ಮಾಲು ಎತ್ತುತ್ತಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಹೊಸ ಮಾಡೆಲ್ ಶುರುವಾಗುವ ಮುಂಚೆ ಸಾಮಾನು ಕೂಡಿಡುವುದರಿಂದಲೂ ಉದ್ದ ಆಗಬಹುದು. ಯಾವುದು ಅಂತ ತಿಳಿಯಲು ಫಲಿತಾಂಶದ ದಿನದ ಪ್ರಶ್ನೋತ್ತರ ಓದಬೇಕು. ಬೇಜಾರಿನ ಓದು. ಆದರೂ ಓದಬೇಕು.

ಇನ್ನು ಗಿರಾಕಿಗಳು. ಡೇಟಾ ಸೆಂಟರ್ ಕಟ್ಟುವ ದೊಡ್ಡ ಕುಳಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್, ಮೆಟಾ. ಸೆಲೆಸ್ಟಿಕಾದ ಆದಾಯದಲ್ಲಿ ದೊಡ್ಡ ಪಾಲು ಇಂಥ ಕೆಲವೇ ಗಿರಾಕಿಗಳಿಂದ ಬರುತ್ತದೆ. ಅತಿ ದೊಡ್ಡ ಗಿರಾಕಿ ಗೂಗಲ್ ಅಂತಲೇ ಪೇಟೆಯ ವಿಶ್ಲೇಷಕರು ಲೆಕ್ಕ ಹಾಕುವುದು. ಗೂಗಲ್ ತನ್ನದೇ ಎಐ ಚಿಪ್ ಟಿಪಿಯು ಮಾಡಿಸುತ್ತದಲ್ಲ, ಅದನ್ನು ಕೂರಿಸುವ ಯಂತ್ರಗಳ ಕೆಲಸವೂ ಇಲ್ಲಿಗೆ ಬರುತ್ತದೆ ಅನ್ನುವುದು ಅವರ ಲೆಕ್ಕ.

ಗೂಗಲ್‌ನ ತಾಯಿ ಕಂಪನಿ ಆಲ್ಫಬೆಟ್ 2024ರಲ್ಲಿ ಯಂತ್ರ, ಕಟ್ಟಡಗಳ ಮೇಲೆ ಹಾಕಿದ ಬಂಡವಾಳ 5,250 ಕೋಟಿ ಡಾಲರ್. 2025ರ ಫೆಬ್ರುವರಿಯಲ್ಲಿ ಆ ವರ್ಷಕ್ಕೆ 7,500 ಕೋಟಿ ಅಂದರು. ಜುಲೈನಲ್ಲಿ 8,500 ಕೋಟಿ ಅಂದರು. ಅಕ್ಟೋಬರಿನಲ್ಲಿ 9,100ರಿಂದ 9,300 ಕೋಟಿ. ಒಂಬತ್ತು ತಿಂಗಳಲ್ಲಿ ಎರಡು ಸಲ ಮಾತು ಬದಲಾಯಿತು, ಎರಡು ಸಲವೂ ಮೇಲಕ್ಕೆ. ಸೆಲೆಸ್ಟಿಕಾದ ಷೇರು ಏರಿದ್ದಕ್ಕೆ ಅದರ ಸ್ವಂತ ಕೆಲಸಕ್ಕಿಂತ ಈ ಮೂರು ವಾಕ್ಯಗಳೇ ದೊಡ್ಡ ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಬೇರೆಯವರ ಬಜೆಟ್ಟಿನಲ್ಲಿ ಬೆಳೆದದ್ದು ಬೇರೆಯವರ ಬಜೆಟ್ಟಿನಲ್ಲೇ ಸೊರಗಬಹುದು.

ಬಜೆಟ್ ಇಳಿಯಲೇಬೇಕು ಅಂತಲೂ ಇಲ್ಲ. ಗಿರಾಕಿ ಹಳೇ ಮಾಡೆಲ್ ಬಿಟ್ಟು ಹೊಸದಕ್ಕೆ ಹೋಗುವಾಗಲೂ ನಡುವೆ ಒಂದು ಹಳ್ಳ ಬೀಳುತ್ತದೆ. 2025ರ ಆರಂಭದಲ್ಲಿ ಇದು ಕಣ್ಣೆದುರೇ ಆಯಿತು. ಒಬ್ಬ ದೊಡ್ಡ ಗಿರಾಕಿ ಎಐ ಸರ್ವರಿನ ತಲೆಮಾರು ಬದಲಾಯಿಸುತ್ತಿದ್ದದ್ದರಿಂದ ಸೆಲೆಸ್ಟಿಕಾದ ಸರ್ವರ್ ಭಾಗದ ಆದಾಯ ಜೋರಾಗಿ ಇಳಿಯಿತು. ಅದೇ ಹೊತ್ತಿಗೆ ಸ್ವಿಚ್ ಭಾಗ ಅದಕ್ಕಿಂತ ಜೋರಾಗಿ ಏರಿದ್ದರಿಂದ ಒಟ್ಟು ಲೆಕ್ಕದಲ್ಲಿ ಏನೂ ಕಾಣಲಿಲ್ಲ. ಎರಡೂ ಒಟ್ಟಿಗೆ ಇಳಿದಿದ್ದರೆ? ಹೊಸ ಮಾಡೆಲ್ಲಿನ ಗುತ್ತಿಗೆ ಪೈಪೋಟಿಯ ತೈವಾನಿನವರಿಗೆ ಹೋಗಿದ್ದರೆ? ಗಿರಾಕಿಗಳಿಗೆ ಒಬ್ಬನನ್ನೇ ನೆಚ್ಚಿಕೊಳ್ಳುವುದು ಇಷ್ಟವಿಲ್ಲ. ಒಂದೇ ಪೆಟ್ಟಿಗೆಯನ್ನು ಇಬ್ಬರ ಹತ್ತಿರ ಮಾಡಿಸುವುದು ಅವರ ರೂಢಿ.

ಈಗ ಬೆಲೆ. ಇದನ್ನು ಕಾಗದ ಪೆನ್ನು ಹಿಡಿದು ನೋಡಿದರೆ ಚೆನ್ನ. 2022ರ ಕೊನೆಗೆ ನ್ಯೂಯಾರ್ಕಿನಲ್ಲಿ ಸೆಲೆಸ್ಟಿಕಾ ಷೇರು ಸುಮಾರು 11 ಡಾಲರ್. ಆ ವರ್ಷದ ಹೊಂದಾಣಿಕೆ ಮಾಡಿದ ಗಳಿಕೆ ಷೇರಿಗೆ 1.90 ಡಾಲರ್. ಭಾಗಿಸಿ, ಷೇರಿನ ಬೆಲೆ ಗಳಿಕೆಯ ಸುಮಾರು 6 ಪಟ್ಟು. 2024ರ ಕೊನೆಗೆ ಷೇರು ಸುಮಾರು 92 ಡಾಲರ್, ಗಳಿಕೆ 3.88. ಭಾಗಿಸಿ, ಸುಮಾರು 24 ಪಟ್ಟು. ಷೇರು ಎಂಟು ಪಟ್ಟು ಆಯಿತು ಅಲ್ವಾ? ಅದರಲ್ಲಿ ಕಂಪನಿ ನಿಜವಾಗಿ ದುಡಿದದ್ದು ಎರಡು ಪಟ್ಟು. ಉಳಿದ ನಾಲ್ಕು ಪಟ್ಟು, ಅದೇ ಒಂದು ಡಾಲರ್ ಗಳಿಕೆಗೆ ಜನ ಕೊಡಲು ತಯಾರಾದ ಬೆಲೆ ಹೆಚ್ಚಿದ್ದರಿಂದ ಬಂದದ್ದು. ಎರಡು ನಾಲ್ಕಲಿ ಎಂಟು.

ಈ ಎರಡು ಮತ್ತು ನಾಲ್ಕನ್ನು ಬಿಡಿಸಿ ನೋಡುವುದು ತುಂಬಾ ಮುಖ್ಯ. ಮೊದಲನೆಯದು ಕಾರ್ಖಾನೆಯಲ್ಲಿ ಆಗುತ್ತದೆ. ಅದು ನಿಧಾನ, ಆದರೆ ಗಟ್ಟಿ. ಎರಡನೆಯದು ಜನರ ಮನಸ್ಸಿನಲ್ಲಿ ಆಗುತ್ತದೆ. ಒಂದೇ ದಿನದಲ್ಲಿ ಬರುತ್ತದೆ, ಒಂದೇ ದಿನದಲ್ಲಿ ಹೋಗುತ್ತದೆ. ಆರು ಪಟ್ಟಿಗೆ ಕೊಂಡವರಿಗೆ ಎರಡೂ ಕೂಡಿಬಂತು. 2025ರಲ್ಲಿ ಷೇರು 300 ಡಾಲರ್ ದಾಟಿದ ಮೇಲೆ ಕೊಂಡವರಿಗೆ ಎರಡನೆಯದರಲ್ಲಿ ಇನ್ನೆಷ್ಟು ಜಾಗ ಉಳಿದಿತ್ತು? ಅವರು ಪೂರ್ತಿ ಮೊದಲನೆಯದರ ಮೇಲೆ, ಅಂದರೆ ಗಳಿಕೆ ಓಡುತ್ತಲೇ ಇರುವುದರ ಮೇಲೆ ನಿಂತಿದ್ದಾರೆ. ನೂರಕ್ಕೆ ಆರೇಳು ಉಳಿಯುವ ಧಂದೆಯಲ್ಲಿ ಅದು ಸಣ್ಣ ನಂಬಿಕೆ ಅಲ್ಲ.

ಎರಡನೆಯದು ಒಂದೇ ದಿನದಲ್ಲಿ ಹೋಗುತ್ತದೆ ಅಂದೆನಲ್ಲ, ಅದಕ್ಕೆ 2025ರ ಜನವರಿ ಕೊನೆಯ ವಾರ ಸಾಕ್ಷಿ. ಚೀನಾದ ಡೀಪ್‌ಸೀಕ್ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಎಐ ಮಾಡಿದೆ ಅಂತ ಸುದ್ದಿ ಹಬ್ಬಿತು. ಹಾಗಾದರೆ ಇಷ್ಟೊಂದು ಚಿಪ್, ಇಷ್ಟೊಂದು ಪೆಟ್ಟಿಗೆ ಯಾರಿಗೆ ಬೇಕು ಅಂತ ಪೇಟೆ ಹೆದರಿತು. 27ನೇ ತಾರೀಕು ಸೋಮವಾರ ಎನ್ವಿಡಿಯಾ ನೂರಕ್ಕೆ 17 ಬಿತ್ತು. ಒಂದೇ ದಿನದಲ್ಲಿ ಸುಮಾರು 60 ಸಾವಿರ ಕೋಟಿ ಡಾಲರ್ ಮೌಲ್ಯ ಹೋಯಿತು. ಸೆಲೆಸ್ಟಿಕಾ ಅದಕ್ಕಿಂತಲೂ ಜಾಸ್ತಿ ಬಿತ್ತು. ಎರಡು ದಿನ ಬಿಟ್ಟು ಬುಧವಾರ ಸೆಲೆಸ್ಟಿಕಾದ ಫಲಿತಾಂಶ ಬಂತು. ಆ ತ್ರೈಮಾಸಿಕದ ವ್ಯಾಪಾರ 255 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ ನೂರಕ್ಕೆ 19 ಜಾಸ್ತಿ. ಷೇರು ಮತ್ತೆ ಮೇಲೆದ್ದಿತು. ಅಷ್ಟು ಏರಿಳಿತ ನೋಡಿ ನಿದ್ದೆ ಬರುವುದಿಲ್ಲ ಅನ್ನುವವರು ಇಂಥ ಷೇರಿನಲ್ಲಿ ದೊಡ್ಡ ಮೊತ್ತ ಹಾಕದಿರುವುದೇ ವಾಸಿ.

ನಮ್ಮಲ್ಲೂ ಇಂಥ ಷೇರು ಇಲ್ಲವಾ ಅಂತ ಕೇಳುವವರಿಗೆ ಒಂದು ಮಾತು. ಇಎಂಎಸ್ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಕೇನ್ಸ್ ಟೆಕ್ನಾಲಜಿ 1988ರಲ್ಲಿ ಶುರುವಾಗಿ 2022ರ ನವೆಂಬರಿನಲ್ಲಿ 587 ರೂಪಾಯಿಗೆ ಷೇರು ತಂದಿತು. ಸಯೆಂಟ್ ಡಿಎಲ್ಎಂನ ಬೇರು ಮೈಸೂರಿನ ರಂಗಸನ್ಸ್‌ನಲ್ಲಿದೆ. ಬೆಂಗಳೂರಿನಲ್ಲಿ ಸೆಂಟಮ್ ಇದೆ. ಆದರೆ ಇವರ ಕೆಲಸ ಹೆಚ್ಚಾಗಿ ವಾಹನ, ಕೈಗಾರಿಕೆ, ರೈಲ್ವೆ, ವಿಮಾನ, ರಕ್ಷಣೆ, ವೈದ್ಯಕೀಯ ಉಪಕರಣಗಳ ಕಡೆಗೆ. ಎಐ ಡೇಟಾ ಸೆಂಟರ್ ಅಲೆಗೂ ಇವುಗಳಿಗೂ ನೇರ ನಂಟು ಕಡಿಮೆ. ವಾಟ್ಸಾಪಿನಲ್ಲಿ "ಭಾರತದ ಎಐ ಷೇರು" ಅಂತ ಪಟ್ಟಿ ಬಂದರೆ, ಕಂಪನಿಯ ವಾರ್ಷಿಕ ವರದಿಯಲ್ಲಿ ಯಾವ ಕ್ಷೇತ್ರದಿಂದ ಎಷ್ಟು ಆದಾಯ ಅನ್ನುವ ಪುಟ ತೆಗೆದು ನೋಡಿ. ಐದು ನಿಮಿಷದ ಕೆಲಸ. ದಾಸ್ತಾನು ಮತ್ತು ವಸೂಲಿ ದಿನಗಳ ಲೆಕ್ಕ ಮಾತ್ರ ಇಲ್ಲಿಗೂ ಹಾಗೇ ಅನ್ವಯಿಸುತ್ತದೆ.

ಇಲ್ಲಿಂದ ಸೆಲೆಸ್ಟಿಕಾದಂಥ ಹೊರದೇಶದ ಷೇರು ಕೊಳ್ಳುವವರಿಗೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮ, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವವರಿಗೆ ಇರುವ ನಿಯಮ, ಇದೆ. ವರ್ಷಕ್ಕೆ ತಲೆಗೆ ಎರಡೂವರೆ ಲಕ್ಷ ಡಾಲರ್ ಮಿತಿ. 2025ರ ಏಪ್ರಿಲ್‌ನಿಂದ, ಹೂಡಿಕೆಗೆ ಅಂತ ಕಳಿಸುವ ದುಡ್ಡು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮೇಲಿನ ಮೊತ್ತಕ್ಕೆ ನೂರಕ್ಕೆ 20 ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ ಹಾಕಿದಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಒಂದೇ ಒಂದು ಷೇರು ಇದ್ದರೂ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು. ಸೆಲೆಸ್ಟಿಕಾ ಡಿವಿಡೆಂಡ್ ಕೊಡುವುದಿಲ್ಲ, ಹಾಗಾಗಿ ಅದರ ಮೇಲಿನ ತೆರಿಗೆಯ ತಲೆನೋವು ಇಲ್ಲ.

ಅಂದಹಾಗೆ ನನ್ನ ಹತ್ತಿರ ಈ ಷೇರು ಇಲ್ಲ. ಆರು ಪಟ್ಟಿಗೆ ಸಿಗುತ್ತಿದ್ದ ಕಾಲದಲ್ಲಿ ಒಮ್ಮೆ ತೆರೆದು ನೋಡಿದ್ದೆ. ದಾಸ್ತಾನಿನ ಸಾಲು ನೋಡಿ, ಬರೀ ಬೋರ್ಡು ಜೋಡಿಸುವವರು ಅಂತ ಮುಚ್ಚಿಟ್ಟೆ. ಆ ದಾಸ್ತಾನಿನ ಹಿಂದೆ ಗಿರಾಕಿಗಳ ಠೇವಣಿ ಇತ್ತು ಅನ್ನುವ ಸಾಲು ಮುಂದಿನ ಪುಟದಲ್ಲಿತ್ತು. ಅಲ್ಲಿಯವರೆಗೆ ನಾನು ಹೋಗಿರಲಿಲ್ಲ.